ಬೆಂಕಿ ಆರಿದ ಮೇಲೆ ಕಾಂಕ್ರೀಟ್ ಒಳಗೆ ಏನಾಗುತ್ತೆ?

ಈ ವಾರದ ಎಪಿಸೋಡ್ ಕೇಳೋಕೆ ಟೈಮ್ ಸಿಗದವರಿಗೆ, ಮೆಟ್ರೋದಲ್ಲಿ ಇಯರ್‌ಫೋನ್ ಮನೇಲೇ ಬಿಟ್ಟು ಬಂದವರಿಗೆ ಇದು ಅದರ ಬರಹ ರೂಪ. ಮಾತಾಡಿದ್ದನ್ನೇ ಅಲ್ಲಲ್ಲಿ ತಿದ್ದಿ ಹಾಕಿದ್ದೀನಿ.

2004ರ ನವೆಂಬರ್ 27. ಸ್ವಿಟ್ಜರ್ಲೆಂಡಿನಲ್ಲಿ ಗ್ರೆಟ್ಸೆನ್‌ಬಾಖ್ ಅನ್ನೋ ಸಣ್ಣ ಊರು. ಅಲ್ಲೊಂದು ನೆಲದಡಿಯ ಕಾರ್ ಪಾರ್ಕಿಂಗ್‌ಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಬಂದರು, ಒಳಗಿಳಿದರು, ಬೆಂಕಿಯನ್ನ ಹತೋಟಿಗೆ ತಂದರು. ಕೆಲಸ ಬಹುಪಾಲು ಮುಗೀತು ಅನ್ನೋ ಹೊತ್ತಿಗೆ ಮೇಲಿನ ಕಾಂಕ್ರೀಟ್ ಚಾವಣಿ ಕುಸಿದು 7 ಮಂದಿ ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಕುಸಿತಕ್ಕೆ ಬೆಂಕಿಯೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಬೆಂಕಿಯ ವಿಷಯ ಓದುವ ಎಂಜಿನಿಯರ್‌ಗಳು ಈ ಘಟನೆಯನ್ನ ಮತ್ತೆ ಮತ್ತೆ ಎತ್ತಿ ಹೇಳೋದಕ್ಕೆ ಕಾರಣ ಅದು ಬಿದ್ದ ಸಮಯ. ಜ್ವಾಲೆ ಜೋರಾಗಿದ್ದಾಗ ಅಲ್ಲ, ಬೆಂಕಿ ಸೋತ ಮೇಲೆ.

ಇದನ್ನ ಯಾಕೆ ಹುಡುಕೋಕೆ ಹೋದೆ ಅಂದ್ರೆ, ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ದರು. ಅವರು ಪಿಜಿಯಲ್ಲಿ ಇರೋದು. ಕೆಳಗಡೆ ಫರ್ನಿಚರ್ ಅಂಗಡಿ, ಮೇಲೆ ಮೂರು ಫ್ಲೋರ್ ಪಿಜಿ. ಅಂಗಡಿ ಸುಟ್ಟುಹೋಯ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹದಿನೈದು ದಿನ ಆದ ಮೇಲೆ ಓನರ್ ಪ್ಲಾಸ್ಟರ್ ಮಾಡಿಸಿ, ಬಣ್ಣ ಹೊಡೆಸಿ, ‘ಬನ್ನಿ, ಎಲ್ಲಾ ಹೊಸದಾಗಿದೆ’ ಅಂತ ಕರೀತಿದ್ದಾರೆ. ವಾಪಸ್ ಬರಲ್ಲ ಅಂದ್ರೆ ಅಡ್ವಾನ್ಸ್ ದುಡ್ಡಿನ ಮಾತು ಬೇರೆ ಥರ ಆಗುತ್ತೆ. ಅವರ ಪ್ರಶ್ನೆ ಇಷ್ಟೇ: ‘ಕಾಂಕ್ರೀಟ್ ಸುಡಲ್ವಲ್ಲ, ಹೋಗಬಹುದಾ?’

ಮೊದಲೇ ಹೇಳಿಬಿಡ್ತೀನಿ, ನಾನು ಓದಿರೋದು ಬಿ.ಕಾಂ. ಸಿವಿಲ್ ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಆ ಕಟ್ಟಡ ಸೇಫಾ ಅಲ್ವಾ ಅಂತ ಫೋನಿನಲ್ಲಿ ತೀರ್ಪು ಕೊಡೋಕೆ ನನಗೆ ಆಗಲ್ಲ, ಯಾರಿಗೂ ಆಗಲ್ಲ. ಆದರೆ ‘ಕಾಂಕ್ರೀಟ್ ಸುಡಲ್ಲ’ ಅನ್ನೋ ಮಾತಿನಲ್ಲಿ ಅರ್ಧ ಮಾತ್ರ ಸತ್ಯ ಇದೆ. ಆ ಇನ್ನರ್ಧದ ಬಗ್ಗೆ ಈ ಎಪಿಸೋಡ್.

ಕಾಂಕ್ರೀಟ್ ಉರಿಯಲ್ಲ, ನಿಜ. ಮರದ ಥರ ಬೆಂಕಿಗೆ ಸೌದೆ ಆಗಲ್ಲ, ಹೊಗೆ ಬಿಡಲ್ಲ. ಇನ್ನೊಂದು ಒಳ್ಳೆ ಗುಣ ಅಂದ್ರೆ ಅದು ಬಿಸಿಯನ್ನ ತುಂಬ ನಿಧಾನಕ್ಕೆ ಒಳಗೆ ಬಿಡುತ್ತೆ. ಆದರೆ ಅದರೊಳಗೆ ಏನೇನಿದೆ ನೋಡಿ. ಸಿಮೆಂಟು, ಮರಳು ಅಥವಾ ಎಂ-ಸ್ಯಾಂಡ್, ಜಲ್ಲಿ, ಜೊತೆಗೆ ನೀರು. ಕ್ಯೂರಿಂಗ್ ಮಾಡಿದ ನೀರೆಲ್ಲ ಆರಿಹೋಯ್ತು ಅಂತ ನಾವು ಅಂದುಕೊಳ್ತೀವಿ. ಹಾಗಲ್ಲ. ಒಂದಷ್ಟು ನೀರು ಸಣ್ಣ ರಂಧ್ರಗಳಲ್ಲಿ ಹಾಗೇ ಕೂತಿರುತ್ತೆ. ಇನ್ನೊಂದಷ್ಟು ಸಿಮೆಂಟಿನ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿ ಪದಾರ್ಥದ ಭಾಗವೇ ಆಗಿಬಿಟ್ಟಿರುತ್ತೆ. ಕಾಂಕ್ರೀಟ್‌ಗೆ ಬಲ ಬರೋದೇ ಈ ಎರಡನೇ ಥರದ ನೀರಿನಿಂದ. ಬೆಂಕಿ ಮಾಡೋ ಕೆಲಸ ಅಂದ್ರೆ ಆ ನೀರನ್ನ ವಾಪಸ್ ಕಿತ್ತುಕೊಳ್ಳೋದು.

100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ರಂಧ್ರಗಳ ನೀರು ಆವಿಯಾಗಿ ಹೋಗುತ್ತೆ. ಇದರಿಂದ ದೊಡ್ಡ ನಷ್ಟ ಇಲ್ಲ. 300 ಡಿಗ್ರಿವರೆಗೂ ಬಲ ಅಷ್ಟೇನೂ ಬೀಳಲ್ಲ. ಆಮೇಲೆ ಸಿಮೆಂಟ್ ಅಂಟು ಬಿರುಕು ಬಿಡೋಕೆ ಶುರು. 400ರಿಂದ 550 ಡಿಗ್ರಿ ನಡುವೆ ಒಂದು ಮುಖ್ಯವಾದ ಘಟನೆ ನಡೆಯುತ್ತೆ. ಅದನ್ನ ಅರ್ಥ ಮಾಡಿಕೊಳ್ಳೋಕೆ ನಿಮ್ಮ ಅಜ್ಜಿಮನೆಯ ಸುಣ್ಣದ ಗಡಿಗೆ ನೆನಪು ಮಾಡ್ಕೊಳ್ಳಿ.

ಪೇಂಟ್ ಡಬ್ಬ ಬರೋ ಮುಂಚೆ ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೀತಿದ್ದರಲ್ಲ, ಆ ಸುಣ್ಣ ಹೇಗೆ ಬರ್ತಿತ್ತು? ಸುಣ್ಣಕಲ್ಲನ್ನೋ ಕಪ್ಪೆಚಿಪ್ಪನ್ನೋ ಗೂಡಿನಲ್ಲಿ ಸುಡ್ತಾರೆ. ಸುಟ್ಟ ಸುಣ್ಣ ಸಿಗುತ್ತೆ. ಅದಕ್ಕೆ ನೀರು ಹಾಕಿದ್ರೆ ಬುಸ್ ಅಂತ ಕುದಿಯುತ್ತೆ, ಬಿಸಿಯಾಗುತ್ತೆ, ಗಟ್ಟಿ ಹೆಂಟೆ ಒಡೆದು ಉಬ್ಬಿ ಪುಡಿಯಾಗುತ್ತೆ. ಇದಕ್ಕೆ ನಮ್ಮಲ್ಲಿ ಸುಣ್ಣ ಅರಳೋದು ಅಂತಾರೆ. ಮಕ್ಕಳು ಹತ್ತಿರ ಹೋದ್ರೆ ಬೈಗುಳ ಗ್ಯಾರಂಟಿ, ಕಣ್ಣಿಗೆ ಸಿಡಿದ್ರೆ ಕಥೆ ಮುಗೀತು ಅಂತ.

ಗಟ್ಟಿಯಾದ ಸಿಮೆಂಟಿನಲ್ಲಿ ಈ ಅರಳಿದ ಸುಣ್ಣ, ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಮೊದಲಿಂದಲೇ ಇರುತ್ತೆ. ಸಿಮೆಂಟು ನೀರಿನ ಜೊತೆ ಸೇರಿದಾಗ ಅದೂ ಹುಟ್ಟುತ್ತೆ. ಬೆಂಕಿಯಲ್ಲಿ ಕಾಂಕ್ರೀಟ್ 400-550 ಡಿಗ್ರಿಗೆ ಹೋದಾಗ ಅದು ನೀರು ಬಿಟ್ಟು ಸುಟ್ಟ ಸುಣ್ಣ ಆಗುತ್ತೆ. ಅಂದ್ರೆ ಪಿಲ್ಲರ್ ಒಳಗೇ ಒಂದು ಪುಟ್ಟ ಸುಣ್ಣದ ಗೂಡು. ಆಗ ಅದು ಕುಗ್ಗುತ್ತೆ, ಸುತ್ತ ಸಣ್ಣ ಸಣ್ಣ ಬಿರುಕು ಬಿಡುತ್ತೆ.

ಈಗ ಬೆಂಕಿ ಆರಿತು. ಕಾಂಕ್ರೀಟ್ ತಣ್ಣಗಾಯ್ತು. ಮೇಲೆ ಬಿದ್ದ ಪೈಪಿನ ನೀರಿದೆ, ಗಾಳಿಯ ತೇವ ಇದೆ, ಮಳೆಗಾಲ ಆದ್ರೆ ಕೇಳೋದೇ ಬೇಡ. ಒಳಗಿರೋ ಸುಟ್ಟ ಸುಣ್ಣ ಆ ತೇವ ಕುಡಿದು ಮತ್ತೆ ಅರಳೋಕೆ ಶುರು ಮಾಡುತ್ತೆ. ಸುಟ್ಟ ಸುಣ್ಣ ಅರಳಿದಾಗ ಅದರ ಗಟ್ಟಿ ಪದಾರ್ಥಕ್ಕೇ ಹತ್ತಿರ ಹತ್ತಿರ ಎರಡರಷ್ಟು ಜಾಗ ಬೇಕು. ಗಡಿಗೆಯಲ್ಲಾದ್ರೆ ಉಬ್ಬಲಿ ಬಿಡಿ, ಜಾಗ ಇದೆ. ಕಾಂಕ್ರೀಟ್ ಒಳಗೆ ಎಲ್ಲಿದೆ ಜಾಗ? ಪಕ್ಕದ ಸಿಮೆಂಟನ್ನ ತಳ್ಳುತ್ತೆ, ಇರೋ ಬಿರುಕನ್ನ ಅಗಲ ಮಾಡುತ್ತೆ, ಹೊಸದನ್ನ ಹುಟ್ಟಿಸುತ್ತೆ. ಇದು ಒಂದು ಗಂಟೆಯಲ್ಲಿ ಮುಗಿಯೋ ಕೆಲಸ ಅಲ್ಲ. ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತೆ. ಆದ್ದರಿಂದ ಬೆಂಕಿಯ ಮಾರನೇ ದಿನ ಇದ್ದ ಬಲಕ್ಕಿಂತ ಕೆಲವು ವಾರ ಬಿಟ್ಟು ಇರೋ ಬಲ ಕಮ್ಮಿ ಆಗಿರಬಹುದು. ನನಗೆ ಈ ಇಡೀ ವಿಷಯದಲ್ಲಿ ಹೊಸದು ಅನ್ನಿಸಿದ್ದು ಇದೇ. ನಾವೆಲ್ಲ ಬೆಂಕಿ ಆರಿದ ಕ್ಷಣಕ್ಕೆ ಖಾತೆ ಕ್ಲೋಸ್ ಮಾಡಿಬಿಡ್ತೀವಿ. ಕಾಂಕ್ರೀಟ್ ಮಾತ್ರ ಡೆಬಿಟ್ ಎಂಟ್ರಿ ಹಾಕ್ತಾನೇ ಇರುತ್ತೆ.

ಇನ್ನು ಜಲ್ಲಿ. ನಮ್ಮ ಕಡೆ ಜಲ್ಲಿ ಅಂದ್ರೆ ಬಹುತೇಕ ಗ್ರಾನೈಟ್ ಜಾತಿಯ ಕಲ್ಲು. ಎಂ-ಸ್ಯಾಂಡ್ ಕೂಡ ಅದೇ ಕಲ್ಲಿನ ಪುಡಿ. ಅದರಲ್ಲಿ ಕ್ವಾರ್ಟ್ಸ್ ಅನ್ನೋ ಖನಿಜ ಇರುತ್ತೆ. 573 ಡಿಗ್ರಿಯಲ್ಲಿ ಕ್ವಾರ್ಟ್ಸ್ ತನ್ನ ಹರಳಿನ ರೂಪ ಬದಲಿಸಿ ಇದ್ದಕ್ಕಿದ್ದಂತೆ ಹಿಗ್ಗುತ್ತೆ. ಕಲ್ಲು ಹಿಗ್ತಾ ಇದೆ, ಅದನ್ನ ಹಿಡಿದಿರೋ ಸಿಮೆಂಟ್ ನೀರು ಕಳ್ಕೊಂಡು ಕುಗ್ತಾ ಇದೆ. ಇಬ್ಬರೂ ಒಂದೇ ಮನೆಯಲ್ಲಿ. ಜಗಳ ಆಗದೆ ಇನ್ನೇನಾಗುತ್ತೆ?

ಕಲ್ಲಿಗೂ ಬೆಂಕಿಗೂ ಇರೋ ಈ ಸಂಬಂಧ ನಮ್ಮ ಕಲ್ಲುಕುಟಿಗರಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರು ಸುತ್ತಮುತ್ತ ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನ ನಿಧಾನಕ್ಕೆ ಮುಂದೆ ಸರಿಸ್ತಾ, ಚಪ್ಪಡಿ ಪದರ ಪದರವಾಗಿ ಬಿಡಿಸ್ತಿದ್ದರು. 19ನೇ ಶತಮಾನದ ಕೊನೆಗೆ ಹೊರಗಿನವರು ಬಂದು ಬೆರಗಿನಿಂದ ಬರೆದಿಟ್ಟ ವಿದ್ಯೆ ಇದು. ಮೇಲ್ಮೈ ಬಿಸಿಯಾಗಿ ಹಿಗ್ಗುತ್ತೆ, ಕೆಳಗಿನ ತಣ್ಣನೆ ಬಂಡೆ ಹಿಗ್ಗಲ್ಲ, ನಡುವೆ ಪದರ ಬಿಡುತ್ತೆ. ಸುಟ್ಟ ಚಾವಣಿಯಿಂದ ಚಕ್ಕೆ ಕಳಚೋದೂ ಸುಮಾರಾಗಿ ಇದೇ ಲೆಕ್ಕ. ಒಂದೇ ವ್ಯತ್ಯಾಸ, ಕ್ವಾರಿಯಲ್ಲಿ ಅದು ಬೇಕು, ಮನೆಯಲ್ಲಿ ಬೇಡ.

ಈಗ ನೀರಿನ ಮಾತು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ್ರೆ ಏನಾಗುತ್ತೆ ಅಂತ ದೋಸೆ ಹುಯ್ಯೋರಿಗೆ ಗೊತ್ತು. ಕಬ್ಬಿಣದ ಹಂಚು ತಡ್ಕೊಳ್ಳುತ್ತೆ, ಮಣ್ಣಿನ ಹಂಚು ಸೀಳಬಹುದು. ಕಾಂಕ್ರೀಟ್ ಆ ಮಣ್ಣಿನ ಹಂಚಿನ ಕಡೆಯದು. ಅದನ್ನ ಒತ್ತಿದ್ರೆ ಗಟ್ಟಿ, ಎಳೆದ್ರೆ ದುರ್ಬಲ. ಎಳೆತ ತಡೆಯೋ ಬಲ ಒತ್ತಡ ತಡೆಯೋ ಬಲದ ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಬಿಸಿ ಪಿಲ್ಲರ್ ಮೇಲೆ ತಣ್ಣೀರು ಬಿದ್ದಾಗ ಹೊರಪದರ ಪಟ್ ಅಂತ ಕುಗ್ಗೋಕೆ ಹೋಗುತ್ತೆ, ಒಳಗಿನ ಬಿಸಿ ಭಾಗ ಬಿಡಲ್ಲ. ಹೊರಪದರದ ಮೇಲೆ ಎಳೆತ ಬಿದ್ದು ಬಿರುಕು. ಲ್ಯಾಬ್‌ಗಳಲ್ಲಿ ಒಂದೇ ಬಿಸಿಗೆ ಕಾಯಿಸಿದ ಕಾಂಕ್ರೀಟ್ ತುಂಡುಗಳನ್ನ ಬೇರೆ ಬೇರೆ ಥರ ತಣ್ಣಗೆ ಮಾಡಿ ಒಡೆದು ನೋಡಿದ್ದಾರೆ. ಕುಲುಮೆಯೊಳಗೇ ನಿಧಾನಕ್ಕೆ ಆರಿದ್ದಕ್ಕೆ ಸಾಮಾನ್ಯವಾಗಿ ಹೆಚ್ಚು ಬಲ ಉಳಿದಿರುತ್ತೆ, ಬಯಲಿನ ಗಾಳಿಗೆ ಆರಿದ್ದು ನಂತರದ್ದು, ನೀರಿಗೆ ಹಾಕಿದ್ದು ಕೊನೆ.

ಹಾಗಂತ ಅಗ್ನಿಶಾಮಕದವರು ನೀರು ಹೊಡೀಬಾರದಿತ್ತು ಅಂತ ಯಾರಾದ್ರೂ ಈ ಎಪಿಸೋಡ್ ಕ್ಲಿಪ್ ಮಾಡಿ ಸ್ಟೇಟಸ್ ಹಾಕಬೇಡಿ ದಯವಿಟ್ಟು. ಒಳಗೆ ಜನ ಇದ್ದಾಗ ಪಿಲ್ಲರ್ ಬಗ್ಗೆ ಯಾರೂ ಯೋಚನೆ ಮಾಡಲ್ಲ, ಮಾಡಲೂಬಾರದು. ಜೊತೆಗೆ ಬೆಂಕಿ ಇನ್ನೊಂದು ಗಂಟೆ ಉರಿದಿದ್ರೆ ಆಗ್ತಿದ್ದ ಹಾನಿ ನೀರಿನ ಹಾನಿಗಿಂತ ದೊಡ್ಡದು. ನೀರಿನ ಕಥೆಗೆ ಇನ್ನೊಂದು ತಿರುವೂ ಇದೆ. ತಣ್ಣಗಾದ ಮೇಲೆ ಅಂಥ ಕಾಂಕ್ರೀಟ್ ತುಂಡನ್ನ ವಾರಗಟ್ಟಲೆ ನೀರಿನಲ್ಲಿ ಇಟ್ಟು ಮತ್ತೆ ಕ್ಯೂರಿಂಗ್ ಮಾಡಿದಾಗ ಕಳಕೊಂಡ ಬಲದಲ್ಲಿ ಒಂದಷ್ಟು ವಾಪಸ್ ಬಂದಿರೋದನ್ನೂ ಪ್ರಯೋಗಗಳು ತೋರಿಸಿವೆ. ಅದೇ ನೀರು, ಕೊಡೋ ರೀತಿ ಬೇರೆ. ಆದರೆ ಬಾಡಿಗೆದಾರರು ತುಂಬಿರೋ ಕಟ್ಟಡದ ಬೀಮನ್ನ ತೊಟ್ಟಿಯಲ್ಲಿ ಮುಳುಗಿಸೋಕೆ ಆಗಲ್ವಲ್ಲ.

ಈಗ ನನಗೆ ಇಷ್ಟವಾದ ಭಾಗ, ಲೆಕ್ಕ. ಯುರೋಪಿನ ಕಟ್ಟಡ ಸಂಹಿತೆಯಲ್ಲಿ ಕ್ವಾರ್ಟ್ಸ್ ಇರೋ ಜಲ್ಲಿಯ ಕಾಂಕ್ರೀಟ್‌ಗೆ ಒಂದು ಪಟ್ಟಿ ಇದೆ. 300 ಡಿಗ್ರಿಯಲ್ಲಿ ಶೇ 85ರಷ್ಟು ಬಲ ಉಳಿಯುತ್ತೆ, 400ರಲ್ಲಿ ಶೇ 75, 500ರಲ್ಲಿ ಶೇ 60, 600ರಲ್ಲಿ ಶೇ 45, 800ಕ್ಕೆ ಹೋದ್ರೆ ಶೇ 15. ತಣ್ಣಗಾದ ಮೇಲಿನ ಬಲಕ್ಕೆ ಅದೇ ಸಂಹಿತೆಗಳ ಸಾಲಿನಲ್ಲಿ ಇನ್ನೊಂದು ಸೂತ್ರ ಇದೆ: 300 ಡಿಗ್ರಿ ದಾಟಿದ್ದರೆ, ಬಿಸಿಯಲ್ಲಿ ಉಳಿದಿದ್ದ ಬಲದಿಂದ ಮತ್ತೆ ಶೇ 10 ಕಳೆಯಿರಿ. ನಮ್ಮ ಕಡೆಯ ಮಾಮೂಲಿ ಎಂ-25 ಕಾಂಕ್ರೀಟ್ ತಗೊಳ್ಳಿ, ಚದರ ಮಿಲಿಮೀಟರ್‌ಗೆ 25 ನ್ಯೂಟನ್ ತಡೆಯೋದು. 500 ಡಿಗ್ರಿ ಮುಟ್ಟಿದ ಭಾಗ 15ಕ್ಕೆ ಬಂತು. ತಣ್ಣಗಾಗಿ 13.5. ಬೆಂಕಿ ತಗೊಂಡಿದ್ದು 10, ತಣ್ಣಗಾಗೋದು ತಗೊಂಡಿದ್ದು ಒಂದೂವರೆ. ದೊಡ್ಡದಲ್ಲ ಅನ್ನಿಸಬಹುದು. ಆದರೆ ಈ ಒಂದೂವರೆ, ಎಲ್ಲರೂ ಕಟ್ಟಡದ ಒಳಗೆ ವಾಪಸ್ ಬಂದ ಮೇಲೆ ಕಳೆಯೋದು.

ಮನೆ ಬೆಂಕಿ ಅಷ್ಟೊಂದು ಬಿಸಿ ಆಗುತ್ತಾ ಅಂತ ಕೇಳ್ತೀರ. ಪರೀಕ್ಷೆಗೆ ಜಗತ್ತಿನಾದ್ಯಂತ ಬಳಸೋ ಸ್ಟ್ಯಾಂಡರ್ಡ್ ಬೆಂಕಿಯ ಪ್ರಕಾರ 5 ನಿಮಿಷಕ್ಕೇ ಕೋಣೆಯ ಗಾಳಿ 575 ಡಿಗ್ರಿ ದಾಟುತ್ತೆ, 30 ನಿಮಿಷಕ್ಕೆ 840, ಒಂದು ಗಂಟೆಗೆ 945. ಫರ್ನಿಚರ್ ಅಂಗಡಿ ಅಂದ್ರೆ ಮರ, ಫೋಮ್, ಪಾಲಿಶ್. ಬೆಂಕಿಗೆ ಊಟಕ್ಕೇನೂ ಕಮ್ಮಿ ಇಲ್ಲ.

ಆದರೆ ಇದು ಗಾಳಿಯ ಬಿಸಿ. ಇಲ್ಲಿಂದ ಒಳ್ಳೆ ಸುದ್ದಿ ಶುರು. ಒಂದು ಗಂಟೆ ಸ್ಟ್ಯಾಂಡರ್ಡ್ ಬೆಂಕಿಯಲ್ಲಿ ಸ್ಲ್ಯಾಬ್‌ನ ಕೆಳಮೈಯಿಂದ ಸುಮಾರು 2 ಸೆಂಟಿಮೀಟರ್ ಆಳದವರೆಗೆ ಮಾತ್ರ 500 ಡಿಗ್ರಿ ತಲುಪುತ್ತೆ. ಎಂಜಿನಿಯರ್‌ಗಳಿಗೆ ಒಂದು ಸುಲಭ ವಿಧಾನ ಇದೆ: 500 ಡಿಗ್ರಿ ದಾಟಿದ ಪದರವನ್ನ ಪೂರ್ತಿ ರೈಟ್ ಆಫ್, ಒಳಗೆ ಉಳಿದಿದ್ದಕ್ಕೆ ಪೂರ್ತಿ ಬೆಲೆ. ನಮ್ಮ ಕಾಮರ್ಸ್‌ನವರೇ ಬರೆದ ರೂಲ್ ಥರ ಇದೆ. ಅದಕ್ಕೇ ಬೆಂಕಿ ಬಿದ್ದ ಕಾಂಕ್ರೀಟ್ ಕಟ್ಟಡಗಳಲ್ಲಿ ಬಹಳಷ್ಟು ಬೀಳಲ್ಲ, ರಿಪೇರಿ ಆಗುತ್ತೆ. ಚೆನ್ನೈನ ಮೌಂಟ್ ರೋಡ್‌ನಲ್ಲಿರೋ ಎಲ್‌ಐಸಿ ಬಿಲ್ಡಿಂಗ್‌ಗೆ 1975ರ ಜುಲೈನಲ್ಲಿ ದೊಡ್ಡ ಬೆಂಕಿ ಬಿತ್ತು. ಅದು ಇವತ್ತಿಗೂ ನಿಂತಿದೆ. ಅದೇ ಊರಿನ ಟಿ ನಗರದಲ್ಲಿ 2017ರ ಮೇ 31ರಂದು ಚೆನ್ನೈ ಸಿಲ್ಕ್ಸ್ ಮಳಿಗೆಗೆ ಬೆಂಕಿ ಬಿತ್ತು. ಒಳಗೆಲ್ಲ ಬಟ್ಟೆ, ದಿನವಿಡೀ ಉರೀತು. ಮಾರನೇ ದಿನ ನಸುಕಿನಲ್ಲಿ ಕಟ್ಟಡದ ಒಂದು ಭಾಗ ಕುಸಿದುಬಿತ್ತು, ಉಳಿದದ್ದನ್ನ ಕೆಡವಬೇಕಾಯ್ತು. ಎರಡು ಕಟ್ಟಡ, ಎರಡು ಕಾಲ, ಎರಡು ಬೆಂಕಿ. ಯಾವುದು ಉಳಿಯುತ್ತೆ ಅಂತ ಬೀದಿಯಲ್ಲಿ ನಿಂತು ಹೇಳೋಕೆ ಸಾಧ್ಯ ಇಲ್ಲ.

ಇನ್ನೊಂದು ವಿಷಯ, ಬಿಸಿ ಒಳಗೆ ನಿಧಾನಕ್ಕೆ ಹೋಗುತ್ತೆ ಅಂದ್ರೆ ಅದು ನಿಲ್ಲೋದೂ ನಿಧಾನಕ್ಕೇ. ಹೊರಗಡೆ ಬೆಂಕಿ ಆರಿದಾಗ ಮೇಲ್ಮೈಯಲ್ಲಿ ಕೂತಿರೋ ಬಿಸಿ ಒಳಗಿನ ತಣ್ಣನೆ ಭಾಗದ ಕಡೆಗೂ ಹರೀತಾ ಇರುತ್ತೆ. ಪಿಲ್ಲರಿನ ಒಳಭಾಗ ಅತಿ ಹೆಚ್ಚು ಬಿಸಿಯಾಗೋದು ಬೆಂಕಿ ಆರಿ ಎಷ್ಟೋ ಹೊತ್ತಿನ ಮೇಲೆ. ಬೆಂಕಿ ಸೋತ ಮೇಲೂ ಕುಸಿತದ ಅಪಾಯ ಮುಗಿಯಲ್ಲ ಅನ್ನೋದಕ್ಕೆ ಇದೊಂದು ಕಾರಣ.

ಕಂಬಿ ಬಗ್ಗೆ ಎರಡೇ ಮಾತು. 550-600 ಡಿಗ್ರಿಯಲ್ಲಿ ಉಕ್ಕಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತೆ. ಅದು ಕಾಂಕ್ರೀಟ್‌ಗಿಂತ ಒಳ್ಳೆಯ ಗುಣದ್ದು, ತಣ್ಣಗಾದ್ರೆ ಬಹಳಷ್ಟು ವಾಪಸ್ ಬರುತ್ತೆ. ಆದರೆ ಟಿಎಂಟಿ ಕಂಬಿಯ ಗಟ್ಟಿತನ ಅದರ ಹೊರಸುತ್ತಿನ ಪದರದಲ್ಲಿದೆ. ಅದು ಅತಿಯಾಗಿ ಕಾದ್ರೆ ಆ ಪದರ ಮೆತ್ತಗಾಗುತ್ತೆ, ಮತ್ತೆ ಮೊದಲಿನಂತಾಗಲ್ಲ. ಕಂಬಿಯನ್ನ ಕಾಯೋದು ಅದರ ಮೇಲಿರೋ ಕಾಂಕ್ರೀಟ್ ಹೊದಿಕೆ. ನಮ್ಮ ಐಎಸ್ 456 ಪ್ರಕಾರ ಮಾಮೂಲಿ ಸ್ಲ್ಯಾಬ್‌ಗೆ ಕನಿಷ್ಠ 20 ಮಿಲಿಮೀಟರ್, ಪಿಲ್ಲರ್‌ಗೆ 40. ಕಾಂಕ್ರೀಟ್ ಹಾಕೋವಾಗ ಕವರ್ ಬ್ಲಾಕ್ ಇಡದೆ ಕಂಬಿಯನ್ನ ನೇರ ಶೀಟ್ ಮೇಲೆ ಮಲಗಿಸಿರೋ ಸೈಟ್‌ಗಳನ್ನ ನೀವೂ ನೋಡಿರ್ತೀರ. ಹತ್ತಾರು ರೂಪಾಯಿ ಉಳಿತಾಯ.

ಒಂದು ವಿಚಿತ್ರ ಹೇಳಬೇಕು. ಗಟ್ಟಿ ಕಾಂಕ್ರೀಟ್ ಬೆಂಕಿಯಲ್ಲಿ ಹೆಚ್ಚು ಸುರಕ್ಷಿತ ಅಂತ ಅನ್ನಿಸುತ್ತಲ್ವಾ? ಯಾವಾಗಲೂ ಅಲ್ಲ. ತುಂಬ ಗಟ್ಟಿ ಕಾಂಕ್ರೀಟ್‌ನಲ್ಲಿ ರಂಧ್ರ ಕಮ್ಮಿ, ಒಳಗೆ ಹುಟ್ಟಿದ ಆವಿಗೆ ಹೊರಬರೋಕೆ ದಾರಿ ಇಲ್ಲ. ಜೋಳ ಹುರಿದಾಗ ಅಳ್ಳು ಸಿಡಿಯುತ್ತಲ್ಲ, ಹಾಗೆ ಚಕ್ಕೆಗಳು ಸದ್ದು ಮಾಡಿ ಹಾರ್ತವೆ. ಇಂಗ್ಲೆಂಡ್-ಫ್ರಾನ್ಸ್ ನಡುವಿನ ಚಾನೆಲ್ ಸುರಂಗದಲ್ಲಿ 1996ರ ನವೆಂಬರ್ 18ರಂದು ಲಾರಿಗಳನ್ನ ಹೊತ್ತ ರೈಲಿಗೆ ಬೆಂಕಿ ಬಿದ್ದಾಗ ಸುರಂಗದ ಗಟ್ಟಿ ಕಾಂಕ್ರೀಟ್ ಗೋಡೆ ಹೀಗೇ ಸಿಡಿದು ಕೆಲವೆಡೆ ತೀರಾ ತೆಳ್ಳಗಾಗಿತ್ತು. ಪರಿಹಾರ ಸಿಕ್ಕಿದ್ದು ಎಲ್ಲಿ ಗೊತ್ತಾ? ಪ್ಲಾಸ್ಟಿಕ್‌ನಲ್ಲಿ. ಕಾಂಕ್ರೀಟ್ ಕಲಸುವಾಗಲೇ ಕೂದಲಿನಂಥ ಪಾಲಿಪ್ರೊಪಿಲೀನ್ ಎಳೆ ಸೇರಿಸ್ತಾರೆ. 160-170 ಡಿಗ್ರಿಯಲ್ಲಿ ಅದು ಕರಗುತ್ತೆ, ಆ ಜಾಗದಲ್ಲಿ ಆವಿಗೆ ದಾರಿ ಆಗುತ್ತೆ. ಪಿಜಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಇಷ್ಟು ಗಟ್ಟಿ ಕಾಂಕ್ರೀಟ್ ಹಾಕಲ್ಲ ಬಿಡಿ.

ಸರಿ, ನಮ್ಮ ಕೇಳುಗರು ಓನರ್ ಹತ್ತಿರ ಏನು ಕೇಳಬೇಕು? ನನ್ನ ಅಭಿಪ್ರಾಯ ನೇರವಾಗಿದೆ: ಪರೀಕ್ಷೆ ಮಾಡದೆ ಪ್ಲಾಸ್ಟರ್ ಹೊಡೆದಿದ್ದರೆ ಅದು ರಿಪೇರಿ ಅಲ್ಲ, ಮೇಕಪ್. ಯಾಕಂದ್ರೆ ಸುಟ್ಟ ಕಾಂಕ್ರೀಟ್ ತನ್ನ ಬಣ್ಣದಲ್ಲೇ ಕಥೆ ಹೇಳುತ್ತೆ. 300 ಡಿಗ್ರಿ ದಾಟಿದ್ರೆ ಕಲ್ಲಿನಲ್ಲಿರೋ ಕಬ್ಬಿಣದ ಅಂಶದಿಂದ ಗುಲಾಬಿ ಛಾಯೆ ಬರುತ್ತೆ. 600 ದಾಟಿದ್ರೆ ಬಿಳಿಚಿದ ಬೂದು. 900ರ ಮೇಲೆ ಮಾಸಲು ಹಳದಿ. ಎಲ್ಲ ಜಲ್ಲಿಯೂ ಬಣ್ಣ ಬಿಡಲ್ಲ, ಹಾಗಾಗಿ ಗುಲಾಬಿ ಕಾಣಲಿಲ್ಲ ಅಂದ ಮಾತ್ರಕ್ಕೆ ಸೇಫ್ ಅಂತ ಅಲ್ಲ. ಆದರೆ ಕಂಡ್ರೆ ಅದು ಎಚ್ಚರಿಕೆ. ಆ ಬಣ್ಣದ ಮೇಲೆ ಬಿಳಿ ಪ್ಲಾಸ್ಟರ್ ಬಿದ್ದರೆ ಸಾಕ್ಷಿಯೇ ಮುಚ್ಚಿಹೋದ ಹಾಗೆ.

ಸ್ಟ್ರಕ್ಚರಲ್ ಎಂಜಿನಿಯರ್ ಬಂದ್ರೆ ಮೊದಲು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳ್ತಾರೆ. ಗಟ್ಟಿ ಕಾಂಕ್ರೀಟ್ ಟಣ್ ಅನ್ನುತ್ತೆ, ಒಳಗೆ ಪದರ ಬಿಟ್ಟಿದ್ದು ಡಬ್ ಅನ್ನುತ್ತೆ. ತೆಂಗಿನಕಾಯಿ ಆರಿಸಿದ ಹಾಗೆ. ಆಮೇಲೆ ಅಲ್ಟ್ರಾಸೌಂಡ್ ಪರೀಕ್ಷೆ: ಶಬ್ದದ ತರಂಗ ಕಾಂಕ್ರೀಟ್ ಮೂಲಕ ಸೆಕೆಂಡಿಗೆ ಮೂರೂವರೆ ಕಿಲೋಮೀಟರ್‌ಗಿಂತ ವೇಗವಾಗಿ ಹೋದ್ರೆ ಚೆನ್ನಾಗಿದೆ ಅಂತ, 3ಕ್ಕಿಂತ ಕಮ್ಮಿ ಬಂದ್ರೆ ಅನುಮಾನ ಅಂತ ಹಿಂದಿನ ಐಎಸ್ 13311ರ ಲೆಕ್ಕ ಇತ್ತು. ಬಿರುಕು ಜಾಸ್ತಿ ಇದ್ದಷ್ಟೂ ತರಂಗ ಸುತ್ತಿ ಬಳಸಿ ಹೋಗಬೇಕಲ್ಲ. ಕೊನೆಗೆ ಕೋರ್ ಟೆಸ್ಟ್, ಪಿಲ್ಲರ್ ಅಥವಾ ಸ್ಲ್ಯಾಬ್‌ನಿಂದ ಒಂದು ಸಿಲಿಂಡರ್ ತುಂಡು ಕೊರೆದು ತೆಗೆದು ಲ್ಯಾಬಿನಲ್ಲಿ ಒಡೆಯೋದು. ಇದರಲ್ಲಿ ಒಂದು ಲಾಭ, ಆ ತುಂಡನ್ನ ನೋಡಿದ್ರೇನೇ ಗುಲಾಬಿ ಬಣ್ಣ ಎಷ್ಟು ಆಳಕ್ಕೆ ಹೋಗಿದೆ ಅಂತ ಸ್ಕೇಲ್ ಇಟ್ಟು ಅಳೀಬಹುದು.

‘ಇನ್ಶೂರೆನ್ಸ್‌ನವರು ಬಂದು ನೋಡಿ ಹೋಗಿದ್ದಾರೆ’ ಅಂತ ಓನರ್ ಹೇಳಬಹುದು. ಇದು ನನ್ನ ಏರಿಯಾ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ. ಸರ್ವೇಯರ್ ಬರೋದು ನಷ್ಟ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕೋಕೆ. ಆ ವರದಿ ಕ್ಲೇಮ್‌ಗೆ ಬೇಕಾದ ಕಾಗದ, ಮೇಲೆ ಮೂರು ಫ್ಲೋರ್ ಜನ ಮಲಗಬಹುದು ಅನ್ನೋ ಸರ್ಟಿಫಿಕೇಟ್ ಅಲ್ಲ. ಎರಡೂ ಬೇರೆ ಬೇರೆ ಪ್ರಶ್ನೆ.

ಹಾಗಾಗಿ ಕೇಳಬೇಕಾದ್ದು ಎಂಜಿನಿಯರ್ ಸಹಿ ಇರೋ ರಿಪೋರ್ಟ್. ಅದು ಸಿಕ್ಕಿದ್ರೆ ಮೊದಲು ನೋಡಬೇಕಾದ್ದು ದಿನಾಂಕ. ಬೆಂಕಿಯ ಮಾರನೇ ದಿನವೇ ಒಂದು ಸಲ ಟೆಸ್ಟ್ ಮಾಡಿ ಬಿಟ್ಟಿದ್ದರೆ, ಒಳಗಿನ ಸುಣ್ಣ ಇನ್ನೂ ಅರಳೋದಿತ್ತು ಅಂತ ನಿಮಗೆ ಈಗ ಗೊತ್ತು. ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿದ್ದಾರಾ ಅಂತ ಕೇಳಿ. ಪ್ಲಾಸ್ಟರ್‌ಗೆ ಮುಂಚಿನ ಫೋಟೋ ಇದ್ದರೆ ಕಳಿಸೋಕೆ ಹೇಳಿ, ಇವತ್ತಿನ ಕಾಲದಲ್ಲಿ ಯಾರ ಫೋನಿನಲ್ಲಾದ್ರೂ ಇದ್ದೇ ಇರುತ್ತೆ. ಫೋಟೋನೂ ಇಲ್ಲ, ರಿಪೋರ್ಟೂ ಇಲ್ಲ ಅಂದ್ರೆ, ಅಂಗಡಿಯ ಚಾವಣಿಯಲ್ಲಿ, ಒಂದೆರಡು ಪಿಲ್ಲರ್‌ಗಳಲ್ಲಿ ಅಂಗೈ ಅಗಲ ಪ್ಲಾಸ್ಟರ್ ಕೆತ್ತಿಸಿ ಎಂಜಿನಿಯರ್‌ಗೆ ತೋರಿಸಿ ಅನ್ನಿ. ಕೆತ್ತೋಕೆ ಅರ್ಧ ಗಂಟೆ ಸಾಕು, ಮತ್ತೆ ಮುಚ್ಚೋಕೆ ಒಂದು ಬಾಂಡ್ಲಿ ಗಾರೆ.